ವಿಮಾನ ನಿಯಂತ್ರಣ ಟವರ್ ಇಲ್ಲದ ಹಳ್ಳಿ ಏರ್‌ಫೀಲ್ಡಿಗೆ ಮೊದಲ ಸಲ ಹೋಗುವಾಗ ಏನು ನೋಡಿಕೊಳ್ಳಬೇಕು? ಅನುಭವ ಇದ್ದವರು ಹೇಳಿ

ಕೇಳಿದವರು: ಎಲ್ಲರಿಗೂ ನಮಸ್ಕಾರ. ನನಗೆ ಲೈಸೆನ್ಸ್ ಬಂದು ಜಾಸ್ತಿ ದಿನ ಆಗಿಲ್ಲ. ಕಲಿತದ್ದೆಲ್ಲ ಟವರ್ ಇರುವ, ಉದ್ದದ ಡಾಂಬರು ರನ್‌ವೇ ಇರುವ ಕಡೆ. ಈಗ ನಾಲ್ಕು ಸೀಟಿನ ಒಂಟಿ ಎಂಜಿನ್ ವಿಮಾನದಲ್ಲಿ ಹುಲ್ಲಿನ ರನ್‌ವೇ ಇರುವ ಒಂದು ಸಣ್ಣ ಏರ್‌ಫೀಲ್ಡಿಗೆ ಹೋಗಿ, ಅದೇ ದಿನ ವಾಪಸ್ ಬರುವ ಆಸೆ. ಜೊತೆಗೆ ಇಬ್ಬರು ಬರುತ್ತಾರೆ. ಅವರಿಗೆ ಸಣ್ಣ ವಿಮಾನದ ಗಂಧಗಾಳಿ ಇಲ್ಲ. ನಿಮಗೆ ಉಪಯೋಗಕ್ಕೆ ಬಂದದ್ದನ್ನು ತಿಳಿಸಿ.

ಹುಲ್ಲಿನ ರನ್‌ವೇ ಪಕ್ಕದಲ್ಲೇ ವಿಮಾನ ಇಟ್ಟಿರುವವರು: ಮೊದಲು ಅಲ್ಲಿಗೆ ಫೋನ್ ಮಾಡಿ. ಎಷ್ಟೋ ಸಣ್ಣ ಏರ್‌ಫೀಲ್ಡುಗಳಲ್ಲಿ ಮುಂಚಿತವಾಗಿ ಅನುಮತಿ ಪಡೆಯದೆ ಇಳಿಯುವ ಹಾಗಿಲ್ಲ. ಆದರೆ ಬರಲೇ ಅಂತ ಕೇಳಿ ಸುಮ್ನೆ ಫೋನ್ ಇಡಬೇಡಿ. ಹುಲ್ಲು ಕೊಯ್ದು ಎಷ್ಟು ದಿನ ಆಯಿತು, ನೆಲ ಗಟ್ಟಿ ಇದೆಯೇ, ಯಾವ ತುದಿ ಎತ್ತರ, ಮರ ಮತ್ತು ಕರೆಂಟ್ ತಂತಿ ಯಾವ ಕಡೆ, ಯಾವ ಮನೆಗಳ ಮೇಲೆ ಹಾರಬಾರದು, ಇದೆಲ್ಲ ಕೇಳಿ. ನಕ್ಷೆಯಲ್ಲಿ ಸಿಗದ ಸಂಗತಿಗಳು ಇವು. ಅಲ್ಲಿ ದಿನಾ ಹಾರುವವರಿಗೆ ಬಾಯಿಪಾಠ ಇರುತ್ತವೆ, ಕೇಳಿದರೆ ಖುಷಿಯಿಂದ ಹೇಳುತ್ತಾರೆ.

ಆಮೇಲೆ ಕೂತು ಟೇಕಾಫ್ ಲೆಕ್ಕ ಹಾಕಿ. ಇದರಲ್ಲಿ ಅವಸರ ಬೇಡವೇ ಬೇಡ. ಬ್ರಿಟನ್ನಿನ ನಾಗರಿಕ ವಿಮಾನಯಾನ ಪ್ರಾಧಿಕಾರ ಸಣ್ಣ ವಿಮಾನಗಳಿಗೆ ಕೊಡುವ ಗುಣಕಗಳನ್ನು ನಾನು ಬಳಸುತ್ತೇನೆ. ಗಟ್ಟಿ ನೆಲದ ಒಣ ಹುಲ್ಲಿಗೆ 1.2 ರಿಂದ ಗುಣಿಸಿ, ಒದ್ದೆ ಹುಲ್ಲಿಗೆ 1.3 ರಿಂದ. 2% ಏರು ಇದ್ದರೆ 1.1. ಸೆಕೆ 10 ಡಿಗ್ರಿ ಹೆಚ್ಚಿದ್ದರೆ ಇನ್ನೊಂದು 1.1. ಕೊನೆಗೆ ಸುರಕ್ಷತೆಗೆ ಅಂತ 1.33. ಇವನ್ನು ಕೂಡುವುದಲ್ಲ, ಒಂದರ ಮೇಲೊಂದು ಗುಣಿಸಬೇಕು. ನಿಮ್ಮ ಕೈಪಿಡಿಯ ಮೂಲ ಅಂಕಿ, ಅಂದರೆ ಓಡಲು ಶುರುಮಾಡಿದಲ್ಲಿಂದ ನೆಲ ಬಿಟ್ಟು 50 ಅಡಿ ಏರುವವರೆಗಿನ ದೂರ, 450 ಮೀಟರ್ ಅಂತ ಇಟ್ಟುಕೊಳ್ಳಿ. ಒಣ ಹುಲ್ಲು, ಏರು, ಸೆಕೆ ಸೇರಿ ಅದು ಸುಮಾರು 653 ಆಗುತ್ತದೆ. 1.33 ರಿಂದ ಗುಣಿಸಿದರೆ 869. ಹೆಚ್ಚುಕಮ್ಮಿ ಎರಡರಷ್ಟು! ರಾತ್ರಿ ಮಳೆ ಬಂದು ಹುಲ್ಲು ನೆನೆದಿದ್ದರೆ 940 ದಾಟುತ್ತದೆ. ಸೆಕೆಯ ಲೆಕ್ಕ ನಿಮ್ಮ ಕೈಪಿಡಿಯ ಕೋಷ್ಟಕದಲ್ಲೇ ಸೇರಿದ್ದರೆ ಅದನ್ನು ಎರಡು ಸಲ ಹಾಕಬೇಡಿ.

ಇಳಿಯುವ ಲೆಕ್ಕ ಬೇರೆ. ಬೆಳಗಿನ ಇಬ್ಬನಿಗೂ ಹುಲ್ಲು ಜಾರುತ್ತದೆ, ಬ್ರೇಕ್ ಹಿಡಿಯುವುದಿಲ್ಲ. ಇನ್ನೊಂದು ವಿಷಯ: ಇಳಿಯಲು ಸಾಕಾಗುವ ರನ್‌ವೇ ಎಷ್ಟೋ ಸಲ ಏರಲು ಸಾಲುವುದಿಲ್ಲ. ಹಾಗಾಗಿ ವಾಪಸ್ ಹೊರಡುವ ಹೊತ್ತಿನ ಸೆಕೆ, ಗಾಳಿ, ತೂಕ ಹಿಡಿದು ಮನೆಯಲ್ಲೇ ಲೆಕ್ಕ ಮುಗಿಸಿ. ಸಾಲದಿದ್ದರೆ ಒಬ್ಬರನ್ನೇ ಕರೆದುಕೊಂಡು ಹೋಗಿ. ಬೇಜಾರು ಮಾಡಿಕೊಂಡರೂ ಪರವಾಗಿಲ್ಲ.

ಹಾರಾಟ ಕಲಿಸುವವರು: ಮೇಲಿನವರ ಮಾತನ್ನು ಪೂರ್ತಿ ಒಪ್ಪುತ್ತೇನೆ. ಒಂದು ಸೇರಿಸುತ್ತೇನೆ. ಟೇಕಾಫ್ ಕೈಬಿಡುವ ಜಾಗವನ್ನು ಮೊದಲೇ ನೋಡಿ ಇಟ್ಟುಕೊಳ್ಳಿ, ಪೊದೆಯೋ ಕಂಬವೋ ಏನಾದರೂ ಆಗಬಹುದು. ಅರ್ಧ ರನ್‌ವೇ ಮುಗಿಯುವಷ್ಟರಲ್ಲಿ ನೆಲ ಬಿಡುವ ವೇಗದ 70% ಬಂದಿರದಿದ್ದರೆ ಎಂಜಿನ್ ಪವರ್ ಇಳಿಸಿ ನಿಲ್ಲಿಸಿ. ಹುಲ್ಲು ಒದ್ದೆ ಇದ್ದರೆ ನಿಲ್ಲಲೂ ದೂರ ಬೇಕು, ಆ ಗುರುತನ್ನು ಇನ್ನೂ ಈಚೆಗೆ ತನ್ನಿ.

ಈಗ ಇಳಿಯುವ ವಿಚಾರ. ಟವರ್ ಇಲ್ಲ ಅಂದರೆ ಯಾವ ರನ್‌ವೇ ಅಂತ ಯಾರೂ ಹೇಳುವುದಿಲ್ಲ. ಸರ್ಕ್ಯೂಟ್, ಅಂದರೆ ಇಳಿಯುವ ಮುಂಚೆ ರನ್‌ವೇ ಸುತ್ತ ಹಾರುವ ದಾರಿ, ಅದರ ಎತ್ತರ ಹೆಚ್ಚಿನ ಕಡೆ ನೆಲದಿಂದ 1000 ಅಡಿ. ಅದಕ್ಕಿಂತ ಮೇಲೆ ಒಂದು ಸುತ್ತು ಹಾಕಿ ಗಾಳಿಚೀಲ ನೋಡಿ, ಬೇರೆ ವಿಮಾನ ಇದೆಯೇ ನೋಡಿ, ರನ್‌ವೇ ಮೇಲೆ ದನ, ಜಿಂಕೆ, ಹುಲ್ಲು ಕೊಯ್ಯುವ ಟ್ರ್ಯಾಕ್ಟರ್ ಇದೆಯೇ ನೋಡಿ. ಆಮೇಲೆ ಅಲ್ಲಿನ ಪದ್ಧತಿಯಂತೆ ಸರ್ಕ್ಯೂಟ್ ಸೇರಿ. ಬೇರೆ ಏನೂ ಹೇಳಿಲ್ಲದಿದ್ದರೆ ಎಡಕ್ಕೆ ತಿರುಗುವ ಸರ್ಕ್ಯೂಟ್. ಸರ್ಕ್ಯೂಟಿನ ಹಂತಗಳಾದ ಡೌನ್‌ವಿಂಡ್, ಬೇಸ್, ಫೈನಲ್ ಎಲ್ಲವನ್ನೂ ರೇಡಿಯೊದಲ್ಲಿ ಹೇಳಿ, ಯಾರೂ ಉತ್ತರ ಕೊಡದಿದ್ದರೂ ಹೇಳಿ. ರೇಡಿಯೊ ಇಲ್ಲದ ವಿಮಾನಗಳೂ ಅಲ್ಲಿ ಹಾರುತ್ತವೆ, ಹಾಗಾಗಿ ಕಣ್ಣು ಹೊರಗೇ ಇರಲಿ.

ಅಗಲದ ರನ್‌ವೇಗೆ ಒಗ್ಗಿದ ಕಣ್ಣು ಕಿರಿದಾದ ರನ್‌ವೇಯಲ್ಲಿ ಮೋಸ ಹೋಗುತ್ತದೆ. ತುಂಬ ಎತ್ತರದಲ್ಲಿದ್ದೇವೆ ಅನ್ನಿಸುತ್ತದೆ. ಆಗ ಇಳಿಸುತ್ತಾ ಹೋಗಿ, ಬೇಕಾದದ್ದಕ್ಕಿಂತ ಕೆಳಗೆ ಬಂದುಬಿಡುತ್ತೇವೆ. ರನ್‌ವೇ ಏರುಮುಖವಾಗಿದ್ದರೂ ಇದೇ ಕತೆ. ಆ ಕಡೆ ಮರ ಇದ್ದರೆ ಏನಾಗುತ್ತದೆ ಹೇಳಬೇಕಿಲ್ಲ, ಅಲ್ವಾ? ಎತ್ತರಮಾಪಕ, ವೇಗ ಎರಡನ್ನೂ ನೋಡುತ್ತಿರಿ. ಸರಿ ಕಾಣದಿದ್ದರೆ ಗೋ ಅರೌಂಡ್ ಮಾಡಿ, ಅಂದರೆ ಇಳಿಯುವುದು ಬಿಟ್ಟು ಮತ್ತೆ ಮೇಲೇರಿ, ಇನ್ನೊಂದು ಸುತ್ತು ಬನ್ನಿ. ಮೊದಲ ಸಲ ಒಬ್ಬ ಇನ್‌ಸ್ಟ್ರಕ್ಟರ್ ಜೊತೆ ಹೋಗಿಬಂದರೆ ಅದಕ್ಕಿಂತ ಒಳ್ಳೆಯದು ಯಾವುದೂ ಇಲ್ಲ.

ವಿಮಾನ ರಿಪೇರಿ ಮಾಡುವವರು: ನೆಲ ಮೆತ್ತಗಿದ್ದರೆ ಟ್ಯಾಕ್ಸಿ ಮಾಡುವಾಗ, ಅಂದರೆ ವಿಮಾನವನ್ನು ನೆಲದ ಮೇಲೆ ಓಡಿಸುವಾಗ, ನಿಲ್ಲಬೇಡಿ, ಕಂಟ್ರೋಲ್ ಹಿಂದಕ್ಕೆ ಎಳೆದು ಮೂಗಿನ ಚಕ್ರದ ಭಾರ ಇಳಿಸಿ. ಜಲ್ಲಿ ಮೇಲೆ ಎಂಜಿನ್ ಜೋರು ಮಾಡಬೇಡಿ, ಕಲ್ಲು ಎದ್ದು ಪ್ರೊಪೆಲ್ಲರ್ ಅಂಚು ತಿನ್ನುತ್ತದೆ. ಉದ್ದ ಹುಲ್ಲಿನಲ್ಲಿ ಓಡಿಸಿದ ಮೇಲೆ ಚಕ್ರದ ಕವಚ, ಬ್ರೇಕ್ ಸುತ್ತ ಹುಲ್ಲು ಸಿಕ್ಕಿಕೊಂಡಿದೆಯೇ ಬಗ್ಗಿ ನೋಡಿ.

ಗೆಳೆಯರನ್ನು ಹಾರಾಟಕ್ಕೆ ಕರೆದೊಯ್ಯುವವರು: ಜೊತೆಗೆ ಬರುವವರ ಬಗ್ಗೆ ಯಾರೂ ಹೇಳಲಿಲ್ಲ. ಇಂಥ ಕಡೆ ವಿಮಾನಕ್ಕೂ ಜನಕ್ಕೂ ನಡುವೆ ಬೇಲಿ ಇರುವುದಿಲ್ಲ. ಪ್ರೊಪೆಲ್ಲರ್ ನಿಂತಿದ್ದರೂ ತಿರುಗುತ್ತಿದೆ ಅಂತಲೇ ತಿಳಿಯಿರಿ ಎಂದು ಅವರಿಗೆ ಮೊದಲೇ ಹೇಳಿ. ಎಂಜಿನ್ನಿಗೆ ಕಿಡಿ ಕೊಡುವ ಮ್ಯಾಗ್ನೆಟೊ ಕೆಟ್ಟಿದ್ದರೆ ಕೀ ತೆಗೆದಿದ್ದರೂ ಎಂಜಿನ್ ಒಂದು ಸಲ ಹೊತ್ತಿ ಪ್ರೊಪೆಲ್ಲರ್ ತಿರುಗಬಹುದು. ವಿಮಾನದ ಹತ್ತಿರ ಹೋಗುವುದು, ಬರುವುದು ರೆಕ್ಕೆಯ ಹಿಂದಿನಿಂದ. ಮಕ್ಕಳಿದ್ದರೆ ಕೈ ಹಿಡಿದುಕೊಂಡೇ ಇರಬೇಕು.

ಅವರ ತೂಕವನ್ನು ಸಂಕೋಚ ಬಿಟ್ಟು ಕೇಳಿ, ಬ್ಯಾಗ್ ಕೂಡ ತೂಗಿ. ಬೆಳಿಗ್ಗೆ ಬೇಗ ಹೊರಡಿ, ಬಿಸಿಲೇರಿದ ಮೇಲೆ ನೆಲದ ಬಿಸಿಗಾಳಿ ಎದ್ದು ವಿಮಾನ ಕುಲುಕುತ್ತದೆ. ವಾಂತಿ ಬರುವ ಹಾಗಾದರೆ ದೂರದ ದಿಗಂತ ನೋಡಲು ಹೇಳಿ, ತಂಪು ಗಾಳಿ ಬಿಡಿ.

ಕೇಳಿದವರು: ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಫೋನ್‌ನಲ್ಲಿ ಕೇಳಬೇಕಾದ್ದನ್ನು ಈಗಲೇ ಬರೆದುಕೊಂಡೆ. ಅಲ್ಲಿ ಪೆಟ್ರೋಲ್ ಸಿಗುತ್ತದೆ ಅಂತ ನಂಬಿಕೊಂಡು ಹೋಗಬಹುದಾ?

ಹುಲ್ಲಿನ ರನ್‌ವೇ ಪಕ್ಕದಲ್ಲೇ ವಿಮಾನ ಇಟ್ಟಿರುವವರು: ಬೇಡ. ಪಂಪ್ ಕೆಟ್ಟಿರಬಹುದು, ಬೀಗ ಹಾಕಿರಬಹುದು. ಹೋಗಿ ಬರಲು ಬೇಕಾದಷ್ಟು, ಮೇಲೆ ಮೀಸಲು, ತುಂಬಿಸಿಕೊಂಡೇ ಹೊರಡಿ. ಆ ತೂಕದಲ್ಲೇ ಟೇಕಾಫ್ ಲೆಕ್ಕ ಕೂಡಿಬರಬೇಕು. ಅಲ್ಲಿ ತುಂಬಿಸಿದರೆ ಪೆಟ್ರೋಲಿನಲ್ಲಿ ಸೇರಿರಬಹುದಾದ ನೀರು ಕೆಳಗಿಳಿಯಲು ಸ್ವಲ್ಪ ಹೊತ್ತು ಬಿಟ್ಟು, ಟ್ಯಾಂಕಿನ ತಳದಿಂದ ಸ್ವಲ್ಪ ತೆಗೆದು ನೋಡಿ. 100 ಎಲ್‌ಎಲ್ ಅನ್ನುವ ವಿಮಾನದ ಪೆಟ್ರೋಲ್ ಆದರೆ ನೀಲಿ ಬಣ್ಣ ಇರಬೇಕು. ಬಣ್ಣ ಇಲ್ಲದೆ ತಿಳಿಯಾಗಿ ಬಂದರೆ ಅದು ಪೂರ್ತಿ ನೀರೇ ಆಗಿರಬಹುದು, ಆಗ ನೀರಿಗೂ ಪೆಟ್ರೋಲಿಗೂ ನಡುವೆ ಗೆರೆ ಕಾಣುವುದಿಲ್ಲ.

ಎಲ್ಲಿಗೆ, ಎಷ್ಟು ಹೊತ್ತಿಗೆ ಅಂತ ಮೊದಲೇ ತಿಳಿಸುವ ಫ್ಲೈಟ್ ಪ್ಲಾನ್ ಕೊಟ್ಟಿದ್ದರೆ ಇಳಿದ ಕೂಡಲೇ ಫೋನ್ ಮಾಡಿ ಮುಗಿಸಿ, ಟವರ್ ಇಲ್ಲದ ಕಡೆ ನಿಮ್ಮ ಪರವಾಗಿ ಯಾರೂ ಮುಗಿಸುವುದಿಲ್ಲ. ಹೇಳಿದ ಹೊತ್ತಿಗಿಂತ 30 ನಿಮಿಷ ತಡವಾದರೆ ನಿಮ್ಮ ಬಗ್ಗೆ ವಿಚಾರಣೆ ಶುರುವಾಗುತ್ತದೆ. ಫೋನ್ ಸಿಗ್ನಲ್ ಇದೆಯೇ ಅನ್ನುವುದನ್ನೂ ಆ ಪಟ್ಟಿಗೆ ಸೇರಿಸಿ.