ಇಲಿ ಸಾಯಲಿಲ್ಲ ಎಂದ ಮಾತ್ರಕ್ಕೆ

ದೊಡ್ಡಪ್ಪ (ಬೇರೆ ಗುಂಪಿನಿಂದ ಬಂದದ್ದು): ಅಪ್ಪಟ ಗಿಡಮೂಲಿಕೆ ಚೂರ್ಣ! ಇಲಿಗಳಿಗೆ ದೇಹತೂಕದ ಕಿಲೋಗೆ 2000 ಮಿಲಿಗ್ರಾಂನಂತೆ ಕೊಟ್ಟರೂ ಒಂದೂ ಸಾಯಲಿಲ್ಲ. ಅಡ್ಡಪರಿಣಾಮ ಶೂನ್ಯ. ಜೀವನಪರ್ಯಂತ ಸೇವಿಸಬಹುದು. ಎಲ್ಲರಿಗೂ ತಲುಪಿಸಿ.

ದೊಡ್ಡಪ್ಪ: ಪುರಾವೆ ಎಲ್ಲಿ ಎಂದು ಯಾವಾಗಲೂ ಕೇಳುತ್ತೀರಲ್ಲ, ಇಗೋ ಪುರಾವೆ.

ಅತ್ತಿಗೆ: ಪರೀಕ್ಷೆ ನಡೆದೇ ಇಲ್ಲ ಎನ್ನುವುದಿಲ್ಲ ದೊಡ್ಡಪ್ಪ. ಆದರೆ ಅದು ಹೇಳದ ಮಾತನ್ನು ಅದರ ಬಾಯಿಗೆ ತುರುಕಿದ್ದಾರೆ. ಈ ವರ್ಣನೆ, ರಾಸಾಯನಿಕಗಳ ಪರೀಕ್ಷೆಗೆ ಹಲವು ದೇಶಗಳ ಒಕ್ಕೂಟವಾದ ಒಇಸಿಡಿ ರೂಪಿಸಿದ 423ನೆಯ ಮಾರ್ಗಸೂಚಿಗೆ ಹೊಂದುತ್ತದೆ. ಒಂದು ಹಂತಕ್ಕೆ ಮೂರು ಇಲಿ, ಒಂದೇ ದಿನದ ಮದ್ದು, ಬಳಿಕ 14 ದಿನ ನಿಗಾ. ಒಮ್ಮೆಗೇ ಇಷ್ಟು ನುಂಗಿದರೆ ಪ್ರಾಣ ಹೋಗುತ್ತದೆಯೇ ಎಂಬುದಷ್ಟೇ ಅಲ್ಲಿನ ಪ್ರಶ್ನೆ. ದಿನವೂ ತಿಂದರೆ ಏನಾಗುತ್ತದೆ ಎಂದು ಅಲ್ಲಿ ಯಾರೂ ನೋಡಿಲ್ಲ.

ದೊಡ್ಡಪ್ಪ: 60 ಕಿಲೋ ಮನುಷ್ಯನಿಗೆ 120 ಗ್ರಾಂ ಆಯಿತು. ನಾವು ತಿನ್ನುವುದು ಒಂದು ಚಮಚ!

ಅತ್ತಿಗೆ: ಹಾಗೆ ನೇರವಾಗಿ ಗುಣಿಸುವಂತಿಲ್ಲ. ಮನುಷ್ಯನ ದೇಹಕ್ಕೆ ಹೊಂದಿಸಲು ಇಲಿಯ ಪ್ರಮಾಣವನ್ನು ಮೊದಲು ಸುಮಾರು 6.2ರಿಂದ ಭಾಗಿಸುತ್ತಾರೆ. ಆಗ 19 ಗ್ರಾಂ ಚಿಲ್ಲರೆ. ಹತ್ತು ಪಟ್ಟು ಸುರಕ್ಷತಾ ಅಂತರ ಬಿಟ್ಟರೆ 2 ಗ್ರಾಂಗಿಂತಲೂ ಕಡಿಮೆ. ತುಂಬಿದ ಚಮಚ ಅದನ್ನು ದಾಟಬಹುದು. ಇದೂ ಒಂದೇ ಸಲದ ಮದ್ದಿನ ಲೆಕ್ಕ.

ಚಿಕ್ಕಮ್ಮ: ನನ್ನ ಸಂಕಟವೇ ಬೇರೆ. ಜನ ಶತಮಾನಗಳಿಂದ ಬಳಸಿದ ಗಿಡಕ್ಕೆ ಆ ಮೂಕಪ್ರಾಣಿಗಳನ್ನು ಬಲಿ ಕೊಡುವುದೇಕೆ?

ಅತ್ತಿಗೆ: ತಿಂದ ತಕ್ಷಣ ವಾಂತಿಯಾದರೆ ಜನರ ಅನುಭವಕ್ಕೆ ಗೊತ್ತಾಗುತ್ತದೆ ಚಿಕ್ಕಮ್ಮ. ವರ್ಷಗಳ ನಂತರ ಮೂತ್ರಪಿಂಡ ಕೆಟ್ಟರೆ ಅದಕ್ಕೂ ಆ ಗಿಡಕ್ಕೂ ಯಾರು ನಂಟು ಹಚ್ಚುತ್ತಾರೆ? 1990ರ ದಶಕದ ಆರಂಭದಲ್ಲಿ ಬೆಲ್ಜಿಯಂನಲ್ಲಿ ತೂಕ ಇಳಿಸುವ ಮಾತ್ರೆಗೆ ಸ್ಟೆಫಾನಿಯಾ ಬೇರಿನ ಬದಲು ಅರಿಸ್ಟೊಲೋಕಿಯಾ ಬೇರು ಸೇರಿಹೋಯಿತು. ಸುಮಾರು ನೂರು ಮಹಿಳೆಯರ ಮೂತ್ರಪಿಂಡಗಳು ಹಾಳಾದವು. ಹಲವರಿಗೆ ಡಯಾಲಿಸಿಸ್ ಬೇಕಾಯಿತು, ಕೆಲವರಿಗೆ ಮುಂದೆ ಮೂತ್ರನಾಳದ ಕ್ಯಾನ್ಸರ್ ಬಂತು. ಆ ಗಿಡದ ಅರಿಸ್ಟೊಲೋಕಿಕ್ ಆಮ್ಲ ಇಲಿಗಳಲ್ಲಿ ಗೆಡ್ಡೆ ಬೆಳೆಸುತ್ತದೆ ಎಂದು 1982ರಲ್ಲೇ ಪ್ರಕಟವಾಗಿತ್ತು.

ಚಿಕ್ಕಮ್ಮ: ಅಂದರೆ ಇಲಿಗಳೂ ಸತ್ತವು, ಹೆಣ್ಣುಮಕ್ಕಳ ಮೂತ್ರಪಿಂಡಗಳೂ ಉಳಿಯಲಿಲ್ಲ. ಯಾರೂ ಕಿವಿಗೊಡದಿದ್ದರೆ ಆ ಪರೀಕ್ಷೆ ಯಾರಿಗಾಗಿ?

ಅತ್ತಿಗೆ: ಈ ಮಾತಿಗೆ ನನ್ನಲ್ಲಿ ಉತ್ತರವಿಲ್ಲ. ಅದಕ್ಕೇ ಈ ಸಂದೇಶ ಕಂಡರೆ ಮೈ ಉರಿಯುತ್ತದೆ. ಪ್ರಾಣಿಗಳ ಜೀವ ತೆತ್ತು ಪಡೆದ ಒಂದು ಸಣ್ಣ ಉತ್ತರವನ್ನು ಜಾಹೀರಾತಿಗೆ ಹಿಗ್ಗಿಸಿದ್ದಾರೆ. ಅರ್ಧದಷ್ಟು ಪ್ರಾಣಿಗಳು ಸಾಯುವ ಪ್ರಮಾಣವನ್ನು ಹುಡುಕುತ್ತಿದ್ದ ಹಳೆಯ ವಿಧಾನವನ್ನು ಒಇಸಿಡಿ 2002ರಲ್ಲಿ ಕೈಬಿಟ್ಟಿತು. ಅದು ಒಳ್ಳೆಯದಾಯಿತು. ಆದರೆ 90 ದಿನಗಳ ಪರೀಕ್ಷೆ ಬೇಡ ಎನ್ನಲಾರೆ. ಅದರಲ್ಲಿ ಗಂಡು ಹೆಣ್ಣು ಇಲಿಗಳೆರಡಕ್ಕೂ ದಿನವೂ ಮದ್ದು ಕೊಟ್ಟು, ರಕ್ತ ನೋಡಿ, ಯಕೃತ್ತು, ಮೂತ್ರಪಿಂಡಗಳನ್ನು ಸೂಕ್ಷ್ಮದರ್ಶಕದಡಿ ಪರಿಶೀಲಿಸುತ್ತಾರೆ. ಅದನ್ನು ಬಿಟ್ಟರೆ ಪ್ರಯೋಗ ನಡೆಯುವುದು ಕೊಂಡವರ ಮೇಲೆ, ಅದೂ ಯಾವ ದಾಖಲೆಯೂ ಇಲ್ಲದೆ.

ಚಿಕ್ಕಮ್ಮ: ನಾನು ಒಪ್ಪುವುದಿಲ್ಲ. ಮಾರುವವರು ಮೊದಲು ಜೀವಕೋಶಗಳಲ್ಲಿ ಪರೀಕ್ಷಿಸಲಿ.

ಭಾವ: 90 ದಿನದ ಪರೀಕ್ಷೆ ಗೆದ್ದರೂ ನಂಬಬಹುದೇ? ಕಾವಾ ಎಂಬ ಗಿಡದ ಬೇರಿನಿಂದ ಯಕೃತ್ತು ಕೆಟ್ಟ ಪ್ರಕರಣಗಳು ಬಂದ ಮೇಲೆ ಜರ್ಮನಿ 2002ರಲ್ಲಿ ಅದರ ಅನುಮತಿ ಹಿಂಪಡೆಯಿತು.

ಅತ್ತಿಗೆ: ಹೌದು. ಸಾವಿರಾರು ಜನರಲ್ಲಿ ಒಬ್ಬಿಬ್ಬರಿಗೆ ಮಾತ್ರ ಆಗುವ ಹಾನಿ ಕೆಲವೇ ಹತ್ತು ಇಲಿಗಳಲ್ಲಿ ಕಾಣಿಸುವುದು ಕಷ್ಟ. ಇಲಿಗೆ ವಾಂತಿ ಮಾಡುವ ಶಕ್ತಿಯೇ ಇಲ್ಲ, ತಲೆನೋವೆಂದು ಹೇಳಲೂ ಬಾರದು. ಇನ್ನೊಂದು ವಿಷಯ, ಪರೀಕ್ಷೆಯ ಇಲಿ ಆರೋಗ್ಯವಂತ ಎಳೆಯ ಪ್ರಾಣಿ. ಅದು ಬೇರೆ ಮಾತ್ರೆ ನುಂಗುತ್ತಿರುವುದಿಲ್ಲ. ಸೇಂಟ್ ಜಾನ್ಸ್ ವರ್ಟ್ ಎಂಬ ಗಿಡ ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಮಾತ್ರೆಯ ಪರಿಣಾಮವನ್ನೇ ಕುಗ್ಗಿಸುತ್ತದೆ.

ದೊಡ್ಡಪ್ಪ: ವಾರ್ಫರಿನ್ ಎಂದರೆ ಅಜ್ಜಿ ತೆಗೆದುಕೊಳ್ಳುವುದೇ?

ಅತ್ತಿಗೆ: ಅದೇ. ಅಜ್ಜಿಗೂ ಈ ಚೂರ್ಣ ಕೊಟ್ಟಿದ್ದೀರಾ?

ದೊಡ್ಡಪ್ಪ: ಸೋಮವಾರದಿಂದ, ಬೆಳಿಗ್ಗೆ ಒಂದು ಚಮಚ.

ಅತ್ತಿಗೆ: ಚೂರ್ಣವನ್ನು ಈಗಲೇ ನಿಲ್ಲಿಸಿ. ವಾರ್ಫರಿನ್ ನಿಲ್ಲಿಸಬೇಡಿ, ಪ್ರಮಾಣವನ್ನೂ ಬದಲಿಸಬೇಡಿ. ಅದನ್ನು ಬರೆದುಕೊಟ್ಟ ವೈದ್ಯರಿಗೆ ಇಂದೇ ಕರೆ ಮಾಡಿ, ರಕ್ತ ಎಷ್ಟು ಬೇಗ ಹೆಪ್ಪುಗಟ್ಟುತ್ತದೆ ಎಂದು ತೋರಿಸುವ ಐಎನ್ಆರ್ ಪರೀಕ್ಷೆ ಯಾವಾಗ ಮಾಡಿಸಬೇಕೆಂದು ಕೇಳಿ. ಡಬ್ಬಿಯ ನಾಲ್ಕೂ ಬದಿಯ ಚಿತ್ರ ನನಗೆ ಕಳುಹಿಸಿ. ಅಜ್ಜಿಗೆ ಎಲ್ಲಾದರೂ ಚರ್ಮ ಕಂದಿದ ಕಲೆ, ಒಸಡಿನಲ್ಲಿ ರಕ್ತ, ಕಪ್ಪು ಮಲ ಇದೆಯೇ?

ದೊಡ್ಡಪ್ಪ: ಮೊಣಕೈ ಬಳಿ ಒಂದು ನೀಲಿ ಕಲೆ ಇದೆ. ವೈದ್ಯರಿಗೆ ಕರೆ ಮಾಡುತ್ತಿದ್ದೇನೆ.