ಕೇಬಲ್ ಟ್ರೇದಾಗ ಜಾಯಿಂಟ್ ಹಾಕಬಹುದಾ? 35 ಸ್ಕ್ವೇರ್ ಎಂಎಂ ಆರ್ಮರ್ಡ್ ಕೇಬಲ್ ಜಜ್ಜಿ ಹೋಗ್ಯಾದ

ಕಪನೂರ_ಬೇಳಿಮಿಲ್:
ನಮಸ್ಕಾರ ರಿ. ಕಲಬುರಗಿ ಕಪನೂರದಾಗ ಒಂದು ತೊಗರಿ ಬೇಳಿ ಮಿಲ್‌ನ ಮೇಂಟೆನನ್ಸ್ ನೋಡ್ತೀನಿ. ಮೇನ್ ಪ್ಯಾನೆಲ್‌ದಿಂದ ಪಾಲಿಶರ್ ಪ್ಯಾನೆಲ್‌ಗೆ 3.5 ಕೋರ್ (ಮೂರು ಪೂರಾ ತಂತಿ, ಒಂದು ಸಣ್ಣ ನ್ಯೂಟ್ರಲ್) 35 ಸ್ಕ್ವೇರ್ ಎಂಎಂ ಅಲ್ಯುಮಿನಿಯಂ ಆರ್ಮರ್ಡ್ (ಉಕ್ಕಿನ ಕವಚದ) ಕೇಬಲ್ ಟ್ರೇ ಮ್ಯಾಲ ಹೋಗ್ಯಾದ. ಶೆಡ್ ರಿಪೇರಿ ಮಾಡುವಾಗ ಆಂಗಲ್ ಬಿದ್ದು ನಟ್ಟನಡುವ ಒಂದು ಗೇಣು ಜಜ್ಜಿ ಹೋಯ್ತು. ಆನ್ ಮಾಡಿದ ಕೂಡ್ಲೇ ಎಂಸಿಸಿಬಿ (ದೊಡ್ಡ ಬ್ರೇಕರ್) ಟ್ರಿಪ್ ಆಗ್ತದ. "ಟ್ರೇದಾಗ ಜಾಯಿಂಟ್ ಹಾಕೋಹಂಗಿಲ್ಲ, ಪೂರಾ ಕೇಬಲ್ ಬದಲಿ ಮಾಡ್ರಿ" ಅಂತಾರ ಕಂಟ್ರಾಕ್ಟರ್. ನೆಟ್‌ನಾಗ ನೋಡಿದ್ರ ನಡೀತದ ಅಂತ ಬರದಾರ. ಯಾವುದು ಖರೆ?

ಶಹಾಬಾದ್_ವೈರ್‌ಮನ್:
ಮೊದಲು ಆ ಎಂಸಿಸಿಬಿ ಮತ್ತ ಮತ್ತ ಎತ್ತಬ್ಯಾಡ್ರಿ. ಐಸೊಲೇಟರ್ ತೆಗೆದು ಲಾಕ್ ಹಾಕ್ರಿ.

ನೀವು ಓದಿದ್ದು ಅಮೆರಿಕದ ವೈರಿಂಗ್ ಕೋಡ್‌ನ (ಎನ್‌ಇಸಿ) 392.56 ಇರಬೇಕು. ಒಪ್ಪಿದ ವಿಧಾನದಾಗ ಜೋಡಿಸಿ, ಇನ್ಸುಲೇಶನ್ ಮಾಡಿ, ಕೈಗೆ ಸಿಗೋ ಜಾಗದಾಗ ಇದ್ರ ಟ್ರೇದಾಗ ಜಾಯಿಂಟ್ ಇರಬಹುದು ಅಂತದ ಅದು. ಪೆಟ್ಟು ಬೀಳೋ ಭಯ ಇಲ್ಲದ ಕಡೆ ಟ್ರೇ ಅಂಚಿಗಿಂತ ಮ್ಯಾಲ ಬಂದ್ರೂ ನಡೀತದ. ಆದ್ರ ನಮಗ ಲಾಗೂ ಆಗೋದು ಐಎಸ್ 732 (ವೈರಿಂಗ್‌ನ ಭಾರತೀಯ ಮಾನದಂಡ) ಮತ್ತ 2023ರ ಸಿಇಎ (ಕೇಂದ್ರ ವಿದ್ಯುತ್ ಪ್ರಾಧಿಕಾರ) ಸುರಕ್ಷತಾ ನಿಯಮ. ಐಎಸ್ 732 ಕೂಡ ಜಾಯಿಂಟ್ ಬ್ಯಾಡ ಅನ್ನಂಗಿಲ್ಲ. ತಪಾಸಣೆಗೆ, ಟೆಸ್ಟಿಂಗ್‌ಗೆ ಕೈ ಮುಟ್ಟಬೇಕು, ಗಟ್ಟಿ ಇರಬೇಕು ಅಂತದ. ಅದಕ್ಕ ಕಂಟ್ರಾಕ್ಟರ್ ಮಾತು ಪೂರಾ ಖರೆ ಅಲ್ಲ.

ಆದ್ರೂ ಬೇಳಿ ಮಿಲ್ ಅಂದ್ರ ನನಗ ಚಿಂತಿ ಆಗ್ತದ. ಹೊಟ್ಟಿನ ಧೂಳು ಟ್ರೇ ತುಂಬ ಕೂಡ್ತದ, ಅದು ಉರಿಯೋ ಧೂಳು. ಮೇ ತಿಂಗಳಿನಾಗ ತಗಡಿನ ಕೆಳಗ ಗಾಳಿನೇ ಕಾದಿರ್ತದ, ಪಿವಿಸಿ ಕೇಬಲ್‌ನ ಕಂಡಕ್ಟರ್‌ಗೆ ಮಿತಿ 70 ಡಿಗ್ರಿ. ಸಡಿಲ ಜಾಯಿಂಟ್ ಅದರಾಗ ಇನ್ನಷ್ಟು ಕಾಯ್ತದ. ಬರೇ ತಂತಿ ತಿರುವಿ ಟೇಪ್ ಸುತ್ತಿದ್ರ ಬೆಂಕಿಗೆ ದಾರಿ ಮಾಡಿಕೊಟ್ಟಂಗ.

ಜಾಯಿಂಟ್ ಹಾಕೋದಾದ್ರ ಎಲ್‌ಟಿ (ಲೋ ಟೆನ್ಷನ್) ಸ್ಟ್ರೇಟ್ ಥ್ರೂ ಜಾಯಿಂಟ್ ಕಿಟ್ ತರ್ರಿ, ಎರಡು ತುದಿ ನೆಟ್ಟಗ ಜೋಡಿಸೋ ಕಿಟ್ ಅದು. ಅಲ್ಯುಮಿನಿಯಂ ತಂತಿ ವೈರ್ ಬ್ರಶ್‌ನಿಂದ ಉಜ್ಜಿ, ಆಕ್ಸೈಡ್ ತಡೆಯೋ ಪೇಸ್ಟ್ ಹಚ್ಚಿ, 35ರ ಫೆರುಲ್‌ಗೆ (ತಂತಿ ಜೋಡಿಸೋ ಕೊಳವಿ) 35ರದ್ದೇ ಡೈ ಹಾಕಿ ಕ್ರಿಂಪ್ ಮಾಡ್ರಿ, ಅಂದ್ರ ಒತ್ತಿ ಬಿಗೀರಿ. ನಾಲ್ಕೂ ಕೋರ್ ಜಾಯಿಂಟ್ ಒಂದೇ ಜಾಗದಾಗ ಬರಬಾರದು, ಹಿಂದ ಮುಂದ ಇಡ್ರಿ. ಆಮ್ಯಾಲ ಹೀಟ್ ಶ್ರಿಂಕ್ (ಕಾಸಿದ್ರ ಬಿಗಿಯಾಗೋ ಕೊಳವಿ). ಕೊನಿಗೆ 500 ವೋಲ್ಟ್ ಮೆಗ್ಗರ್ (ಇನ್ಸುಲೇಶನ್ ಅಳೆಯೋ ಮೀಟರ್): 1 ಮೆಗಾಓಮ್‌ಕಿಂತ ಕಮ್ಮಿ ಬಂದ್ರ ಸಪ್ಲೈ ಕೊಡಬ್ಯಾಡ್ರಿ. ನೆಟ್ಟಗಿರೋ ಕೇಬಲ್ ಅದಕ್ಕಿಂತ ಭಾಳ ಮ್ಯಾಲ ತೋರಿಸ್ತದ.

ಕೊಳಾರ_ಫಿಟ್ಟರ್, ಬೀದರ್:
ಅಣ್ಣಾ, ಒಂದು ಗೇಣು ಜಜ್ಜಿದ್ದು ಕತ್ತರಿಸಿದ್ರ ಕೇಬಲ್ ಗಿಡ್ಡ ಆಗ್ತದಲ್ಲ? ಎಳಕೊಳ್ಳಾಕ ಎಕ್ಸ್‌ಟ್ರಾ ಲೂಪ್ ಅದ ಏನು?

ಶಹಾಬಾದ್_ವೈರ್‌ಮನ್:
ಇದು ಸರಿಯಾದ ಪ್ರಶ್ನೆ. ಲೂಪ್ ಇಲ್ಲಂದ್ರ ನಡುವ ತುಂಡು ಸೇರಿಸಿ ಎರಡು ಜಾಯಿಂಟ್ ಆಗ್ತವ. ಧೂಳಿನ ಜಾಗದಾಗ ಎರಡು ಜಾಯಿಂಟ್‌ಕಿಂತ ಹೊಸ ಕೇಬಲ್ ಎಳೆಯೋದೇ ಛಲೋ.

ಕಪನೂರ_ಬೇಳಿಮಿಲ್:
ಪ್ಯಾನೆಲ್ ಹತ್ರ ಟ್ರೆಂಚ್‌ನಾಗ ಲೂಪ್ ಅದ ರಿ, ಒಂದೇ ಜಾಯಿಂಟ್ ಸಾಕು. ಪ್ಯಾನೆಲ್‌ಗೆ ಬ್ಯಾರೆ ಜಿಐ ಪಟ್ಟಿ ಅರ್ಥಿಂಗ್ ಅದ. ಆರ್ಮರ್ ಜೋಡಿಸೋದು ಬಿಟ್ರ ನಡೀತದ?

ಶಹಾಬಾದ್_ವೈರ್‌ಮನ್:
ಬಿಡಬ್ಯಾಡ್ರಿ. ಪಟ್ಟಿ ಇದ್ರೂ, ಜಾಯಿಂಟ್‌ನಾಗ ಆರ್ಮರ್ ಜೋಡಿಸದೆ ಆ ಕಡೆ ಆರ್ಮರ್ ಗ್ಲ್ಯಾಂಡ್ (ಪ್ಯಾನೆಲ್‌ನಾಗ ಆರ್ಮರ್ ಹಿಡಿಯೋ ಭಾಗ) ಸಡಿಲ ಇದ್ರ, ಕೋರ್ ಆರ್ಮರ್‌ಗೆ ತಾಗಿದಾಗ ಕೇಬಲ್ ಮೈಗೇ ಕರೆಂಟ್ ಬರ್ತದ, ಎಂಸಿಸಿಬಿ ಬೀಳಂಗಿಲ್ಲ. ಕಿಟ್‌ನಾಗಿನ ತಾಮ್ರದ ಬ್ರೇಡ್ ಎರಡೂ ಕಡೆ ಆರ್ಮರ್‌ಗೆ ಕ್ಲಿಪ್ ಹಾಕಿ ಬಿಗೀರಿ, ಈ ತುದಿಯಿಂದ ಆ ತುದಿಗೆ ಕಂಟಿನ್ಯೂಟಿ ನೋಡ್ರಿ. ಆಮ್ಯಾಲ ಜಾಯಿಂಟ್ ಇರೋ ಜಾಗದ ಕೆಳಗ ಹಾಪರ್, ಬೆಲ್ಟ್ ಇರಬಾರದು. ಇದ್ರ ಲೂಪ್ ಎಳೆದು ಒಂದೆರಡು ಮೀಟರ್ ಈ ಕಡೆ ಸರಿಸ್ರಿ, ಏಣಿ ಹಚ್ಚಾಕ ಬರೋಹಂಗ.