10×12 ಕೋಣಿಗಿ ಟೇಬಲ್ ಸಾ: ಪೋರ್ಟಬಲ್ ತಗೋಬೇಕೋ, ರಂದಾ ಕೂಡಿರೋ ಕಬ್ಬಿಣದ ಮಷೀನೋ?

ಪಡಸಾಲಿ ಬಡಗಿ, ಕಲಬುರಗಿ

ಎಲ್ಲರಿಗೂ ನಮಸ್ಕಾರ್ರಿ. ಮನಿ ಹಿತ್ತಲದಾಗ 10×12 ಅಡಿ ಕೋಣಿ ಅದ, ನೆಲಕ್ಕ ಶಹಾಬಾದಿ ಫರಸಿ. ಆಫೀಸ್ ಮುಗಿದ ಮ್ಯಾಲ ಮತ್ತ ಐತವಾರ ಕಟ್ಟಿಗಿ ಕೆಲಸ ಮಾಡ್ಲಾಕ ಒಂದು ಟೇಬಲ್ ಸಾ (ಟೇಬಲ್ ನಡುವಿಂದ ದುಂಡು ಗರಗಸ ಮ್ಯಾಲ ಕಾಣೋ ಮಷೀನ್) ಬೇಕಾಗ್ಯದ. ಆಗಬೇಕಾದ ಕೆಲಸ: 18 ಮಿ.ಮೀ. ಪ್ಲೈವುಡ್‌ನಾಗ ಅಡಿಗಿಮನಿ ಕಪಾಟು, ಹಳೆ ಮನಿ ಕೆಡವಿದಾಗ ಬಂದ ಸಾಗವಾನಿ ಜಂತಿಗಳಿಂದ ಸ್ಟೂಲು, ಟೀಪಾಯಿ, ಮತ್ತ ಫೋಟೊ ಫ್ರೇಮಿನಂಥ ಸಣ್ಣ ಸಾಮಾನು. ಜಂತಿ ಸುಮಾರು 4 ಇಂಚು ದಪ್ಪ ಅವ.

ಮೂರು ದಾರಿ ಕಾಣ್ತಾವ. ನನ್ನ ಹತ್ರ ಇರೋ 7 ಇಂಚಿನ, ಕೈಲೆ ಹಿಡಿದು ಓಡಿಸೋ ಸರ್ಕ್ಯುಲರ್ ಸಾ ಪ್ಲೈವುಡ್ ಟೇಬಲ್ ಕೆಳಗ ಉಲ್ಟಾ ಕೂಡಿಸೋದು ಒಂದು. ಬಾಷ್ ಜಿಟಿಎಸ್ 10 ಜೆ, ಡಿವಾಲ್ಟ್ 7492, ಮಕಿಟಾ ಎಂಎಲ್‌ಟಿ 100 ಇಂಥ 10 ಇಂಚಿನ ಪೋರ್ಟಬಲ್ ಇನ್ನೊಂದು. ಮೂರನೇದು ಬಡಿಗೇರ್ ಅಂಗಡ್ಯಾಗ ಇರ್ತದಲ್ರಿ, 2 ಎಚ್‌ಪಿ ಮೋಟಾರಿನ, ರಂದಾ ಮತ್ತ ಗರಗಸ ಒಂದೇ ಶಾಫ್ಟಿನ ಮ್ಯಾಲಿರೋ ಕಬ್ಬಿಣದ ಮಷೀನ್. 2 ಎಚ್‌ಪಿಕಿಂತ 1800 ವ್ಯಾಟ್ ಹೆಚ್ಚಲ್ಲೇನ್ರಿ? ಅಂಗಡ್ಯಾಗ ನಿಂತು ಏನೇನು ನೋಡಬೇಕು ಅಂತ ಬಲ್ಲವರು ಹೇಳ್ರಿ.

ಗುನಿಯಾ, ಬೀದರ

ಪ್ಲೈವುಡ್ ಮಾತು ಮೊದಲ ಮುಗಿಸೋಣ್ರಿ, ಉಳಿದದ್ದೆಲ್ಲ ಅದರ ಮ್ಯಾಲೇ ನಿಂತದ. 8×4 ಅಡಿ, 18 ಮಿ.ಮೀ. ಹಾಳಿ 32ರಿಂದ 37 ಕಿಲೋ ತೂಗ್ತದ. ಪೋರ್ಟಬಲ್ ಮಷೀನ್ ತಾನೇ 26ರಿಂದ 35 ಕಿಲೋ. ಅಂದ್ರ ಹಾಳಿ ಅರ್ಧ ದಾಟಿದಾಗ ಮಷೀನೇ ಮುಂದಕ್ಕ ವಾಲ್ತದ. ಇನ್ನ ಜಾಗದ ಲೆಕ್ಕ: 8 ಅಡಿ ಉದ್ದ ಸೀಳಬೇಕಂದ್ರ ಬ್ಲೇಡಿನ ಈಚೆ 8 ಅಡಿ, ಆಚೆ 8 ಅಡಿ ಖಾಲಿ ಬೇಕು. ನಿಮ್ಮ ಕೋಣಿನೇ 12 ಅಡಿ. ಆದ್ದರಿಂದ ಪೂರಾ ಹಾಳಿಯನ್ನ ಯಾವ ಟೇಬಲ್ ಸಾ ಮ್ಯಾಲೂ ಏರಿಸಬ್ಯಾಡ್ರಿ. ಅಂಗಳದಾಗ ಥರ್ಮೊಕೋಲ್ ಹಾಳಿ ಹಾಸಿ, ಅದರ ಮ್ಯಾಲ ಪ್ಲೈ ಇಟ್ಟು, ನಿಮ್ಮ ಸರ್ಕ್ಯುಲರ್ ಸಾ ಮತ್ತ ಒಂದು ಗೈಡ್‌ನಿಂದ ತುಂಡು ಮಾಡ್ಕೊಳ್ರಿ, ಬೇಕಾದ ಅಳತಿಗಿ 5 ಮಿ.ಮೀ. ಹೆಚ್ಚಿಟ್ಟು. ಆ ಸಣ್ಣ ತುಂಡನ್ನ ಟೇಬಲ್ ಸಾ ಮ್ಯಾಲ ಖರೆ ಅಳತಿಗಿ ತರ್ರಿ.

ಗೈಡ್ ಮಾಡೋದು ಸರಳ ಅದ. 6 ಮಿ.ಮೀ. ಪ್ಲೈ ಪಟ್ಟಿ, 8 ಅಡಿ ಉದ್ದ, 10-12 ಇಂಚು ಅಗಲ. ಅದರ ಒಂದು ಅಂಚಿನ ಉದ್ದಕ್ಕ 12 ಮಿ.ಮೀ. ಪ್ಲೈನ 3 ಇಂಚು ಪಟ್ಟಿ ಅಂಟಿಸ್ರಿ. ಫ್ಯಾಕ್ಟರಿ ಅಂಚು ಒಳಗ, ಗರಗಸದ ಕಡಿ ಬರಬೇಕು. ಗರಗಸದ ತಳ ಆ ಪಟ್ಟಿಗಿ ಹಚ್ಚಿ ಒಂದು ಸಲ ಓಡಿಸಿದ್ರ ಕೆಳಗಿನ 6 ಮಿ.ಮೀ. ಅಂಚು ಬ್ಲೇಡ್ ಹೋಗೋ ಗೆರಿಗೇ ಕೊಯ್ದು ನಿಲ್ತದ. ಆಮ್ಯಾಲ ಆ ಅಂಚನ್ನ ಗುರುತಿನ ಗೆರಿಗಿ ಇಟ್ರ ಸಾಕು. ಇನ್ನೊಂದು ನೆನಪಿಡ್ರಿ: ಸರ್ಕ್ಯುಲರ್ ಸಾನಾಗ ಹಲ್ಲು ಕೆಳಗಿಂದ ಮ್ಯಾಲಕ್ಕ ಬರ್ತಾವ, ಸಿಬುರು ಮ್ಯಾಲಿನ ಮೈಗಿ ಏಳ್ತದ, ಅದಕ್ಕ ಛಲೋ ಮೈ ಕೆಳಗ ಇಡಬೇಕು. ಟೇಬಲ್ ಸಾನಾಗ ಉಲ್ಟಾ, ಛಲೋ ಮೈ ಮ್ಯಾಲ.

ಆ ಸರ್ಕ್ಯುಲರ್ ಸಾನ ಉಲ್ಟಾ ಕೂಡಿಸೋದು ಮಾತ್ರ ಬ್ಯಾಡ್ರಿ, ಕೈ ಮುಗಿದು ಹೇಳ್ತೀನಿ. ಸ್ವಿಚ್ಚಿಗಿ ಟ್ಯಾಗ್ ಕಟ್ಟಿ ಒತ್ತಿಡಬೇಕಾಗ್ತದ, ಕೆಳಗಿನ ಗಾರ್ಡ್ ಕಟ್ಟಿಹಾಕಬೇಕಾಗ್ತದ, ರೈವಿಂಗ್ ನೈಫ್ ಇರೋದಿಲ್ಲ. 65 ಮಿ.ಮೀ. ಆಳ ಕೊಯ್ಯೋದು 18 ಮಿ.ಮೀ. ಟೇಬಲ್ ದಾಟಿ ಬರೋದ್ರಾಗ 47ಕ್ಕ ಇಳೀತದ. ಹೊಟ್ಟೆಲ್ಲ ಮೋಟಾರಿನ ಮ್ಯಾಲೇ ಬೀಳ್ತದ.

ರೈವಿಂಗ್ ನೈಫ್ ಅಂದ್ರ ಬ್ಲೇಡಿನ ಬೆನ್ನಿಗಿ ನಿಲ್ಲೋ ಬಾಗಿದ ಉಕ್ಕಿನ ತಗಡು. ಟೇಬಲ್ ಸಾನಾಗ ಎಲ್ಲಕ್ಕಿಂತ ಮುಖ್ಯ ಅದೇ. 254 ಮಿ.ಮೀ. ಬ್ಲೇಡ್ ನಿಮಿಷಕ್ಕ 3650 ಸುತ್ತು ತಿರುಗಿದ್ರ ಹಲ್ಲಿನ ವೇಗ ಸೆಕೆಂಡಿಗಿ 48 ಮೀಟರ್. ಮುಂದಿನ ಹಲ್ಲು ಕಟ್ಟಿಗೀನ ಟೇಬಲ್ ಕಡಿ ಒತ್ತತಾವ. ಹಿಂದಿನ ಹಲ್ಲು ಮ್ಯಾಲಕ್ಕ ಏಳ್ತಾವ. ಕೊಯ್ದ ಸೀಳು ಮುಚ್ಚಿಕೊಂಡು ಬ್ಲೇಡ್ ಹಿಡೀತು, ಇಲ್ಲಾ ತುಂಡು ತಿರುಗಿ ಹಿಂದಿನ ಹಲ್ಲಿಗಿ ತಾಗ್ತು ಅಂದ್ರ ಅದೇ ವೇಗದಾಗ ನಿಮ್ಮ ಹೊಟ್ಟಿ ಕಡಿ ಬರ್ತದ. ಅದು ಕಿಕ್‌ಬ್ಯಾಕ್. ಕೈ ಬ್ಲೇಡಿಗಿ ಎಳಕೊಂಡು ಹೋಗೋದೂ ಬಹಳ ಸಲ ಇದರ ಹಿಂದೇ. ನೈಫ್ ಆ ಸೀಳು ಮುಚ್ಚಲಾಕ ಬಿಡೋದಿಲ್ಲ. ಅದರ ದಪ್ಪ ಬ್ಲೇಡಿನ ಮೈಗಿಂತ ಹೆಚ್ಚು, ಹಲ್ಲಿನ ಅಗಲಕ್ಕಿಂತ ಕಡಿಮಿ ಇರಬೇಕು. ಹಲ್ಲಿನಿಂದ 3ರಿಂದ 8 ಮಿ.ಮೀ. ದೂರ ಇರಬೇಕು, ಬ್ಲೇಡ್ ಏರಿದಂಗ ತಾನೂ ಏರಬೇಕು. ಬ್ಲೇಡ್ ಬದಲಿಸುವಾಗ ಈ ದಪ್ಪ ಮರೀಬ್ಯಾಡ್ರಿ. ತೆಳು ಬ್ಲೇಡ್ ತಂದು ಹಾಕಿದ್ರ ಕಟ್ಟಿಗಿ ನೈಫಿಗಿ ಬಂದು ಸಿಕ್ಕೊಳ್ತದ, ಜನ ಸಿಟ್ಟಿಗಿ ನೈಫ್ ಬಿಚ್ಚಿ ಒಗೀತಾರ.

ಅಂಗಡಿಗಿ ಹೋಗುವಾಗ ಒಂದು ಅಡಿ ಸ್ಟೀಲ್ ಸ್ಕೇಲು, ಒಂದು ಗುನಿಯಾ (ಮೂಲಿ ನೇರ ಅದನೋ ನೋಡೋ ಮೂಲೆಮಟ್ಟ) ಒಯ್ರಿ. ಫೆನ್ಸ್ (ಕಟ್ಟಿಗಿ ಹಚ್ಚಿ ತಳ್ಳೋ, ಬ್ಲೇಡಿನ ಬಾಜೂಕ ಇರೋ ಉದ್ದ ಪಟ್ಟಿ) ಲಾಕ್ ಮಾಡಿ, ಅದರ ಹಿಂದಿನ ತುದಿ ಬೆರಳಿಂದ ಒತ್ತಿ ನೋಡ್ರಿ. ಸರಿದ್ರ ಆ ಮಷೀನ್ ಬಿಟ್ಟುಬಿಡ್ರಿ, ಎಷ್ಟು ವ್ಯಾಟ್ ಇದ್ರೂ. ಫೆನ್ಸ್ ತೆಗೆದು ಹಾಕಿ ಮೂರು ಸಲ ಲಾಕ್ ಮಾಡಿ, ಬ್ಲೇಡಿನ ಮುಂದ ಮತ್ತ ಹಿಂದ ಅಳೀರಿ. ಡಿವಾಲ್ಟ್‌ನ ಹಲ್ಲುಪಟ್ಟಿ ಫೆನ್ಸ್ ಈ ಪರೀಕ್ಷಾದಾಗ ಗೆಲ್ತದ, ಯಾಕಂದ್ರ ಎರಡೂ ತುದಿ ಕೂಡೇ ಸರೀತಾವ. ಮೈಟರ್ ಗಾಡಿ (ಅಡ್ಡ ಕೊಯ್ಯೋ ಗೈಡ್, ಅಂದ್ರ ಮೈಟರ್, ಸರಿಯೋ ಟೇಬಲ್ ಮ್ಯಾಲಿನ ಉದ್ದ ಕಾಲುವಿ) 19×9.5 ಮಿ.ಮೀ. ಇದ್ರ ಮುಂದ ಸ್ಲೆಡ್ (ಕಟ್ಟಿಗಿ ಇಟ್ಟು ಸರಿಸೋ ಹಲಗಿ) ಮಾಡ್ಲಾಕ ಸಲೀಸು.

ನಿಮ್ಮ ಕೋಣಿಗಿ, ನಿಮ್ಮ ಕೆಲಸಕ್ಕ ಪೋರ್ಟಬಲ್ ಸರಿ. 8¼ ಇಂಚಿನ ಡಿವಾಲ್ಟ್ 7485 ಸಿಕ್ರ ಅದನ್ನೂ ನೋಡ್ರಿ, 65 ಮಿ.ಮೀ. ಆಳ ಕೊಯ್ತದ, ಜಾಗ ಕಡಿಮಿ ಹಿಡೀತದ. 10 ಇಂಚಿಂದು ಮಾಡೆಲ್ ನೋಡಿ 77ರಿಂದ 93 ಮಿ.ಮೀ. 4 ಇಂಚು ಜಂತಿ ಎರಡೂ ಒಂದೇ ಏಟಿಗಿ ಕೊಯ್ಯೋದಿಲ್ಲ.

ಶಹಾಪುರ ಕಟ್ಟಿಗಿ, ಯಾದಗಿರಿ

ಗುನಿಯಾ ಅವರು ಹೇಳಿದ್ದಕ್ಕ ನಂದೂ ಹೂಂ. ಕಬ್ಬಿಣದ ಮಷೀನ್ ಬಗ್ಗೆ ಎರಡು ಮಾತು ಸೇರಿಸ್ತೀನಿ, ಯಾಕಂದ್ರ ಅದು ಕೆಟ್ಟದ್ದಲ್ಲ, ಬ್ಯಾರೆ ಕೆಲಸದ್ದು.

ವ್ಯಾಟ್ ಮತ್ತ ಎಚ್‌ಪಿ ಹಂಗ ತೂಗಬಾರದ್ರಿ. ಪೋರ್ಟಬಲ್ ಮ್ಯಾಲ ಬರೆದ 1800 ವ್ಯಾಟ್ ಅಂದ್ರ ಮೋಟಾರ್ ಲೈನಿನಿಂದ ಎಳಕೊಳ್ಳೋ ಶಕ್ತಿ. 2 ಎಚ್‌ಪಿ ಇಂಡಕ್ಷನ್ ಮೋಟಾರ್ (ಕಬ್ಬಿಣದ ಮಷೀನಿಂದು, ಬ್ರಷ್ ಇಲ್ಲದ್ದು) ಶಾಫ್ಟಿಗಿ ಕೊಡೋದು 1492 ವ್ಯಾಟ್. ಪೋರ್ಟಬಲ್ ಶಾಫ್ಟಿಗಿ ಬರೋದು ಅದಕ್ಕಿಂತ ಕಡಿಮಿನೇ. ಇಡೀ ದಿನ ಜಾಲಿ, ಬೇವು ಸೀಳಲಾಕ ಇಂಡಕ್ಷನ್ ಬೇಕು, ಸದ್ದೂ ಕಡಿಮಿ. ಪೋರ್ಟಬಲ್ ಮೋಟಾರಿಗಿ ಕಾರ್ಬನ್ ಬ್ರಷ್ ಇರ್ತಾವ, ಸವೀತಾವ, ನಮ್ಮ ಮೇ ತಿಂಗಳ 42-43 ಡಿಗ್ರಿ ಬಿಸಿಲಾಗ ದಪ್ಪ ಕಟ್ಟಿಗಿ ಬಿಡದೆ ತಳ್ಳಿದ್ರ ಲಗೂ ಕಾಯ್ತದ. ವಾರಕ್ಕ ನಾಲ್ಕು ತಾಸಿನ ಕೆಲಸಕ್ಕ ಅದು ತಡೀತದ.

ಕಬ್ಬಿಣದ ಮಷೀನಿನ ಕೊರತಿ ಇವು: ಬಹಳಷ್ಟಕ್ಕ ರೈವಿಂಗ್ ನೈಫ್ ಇರೋದಿಲ್ಲ, ಗಾರ್ಡ್ ಇರೋದಿಲ್ಲ, ಬ್ಲೇಡ್ ಓರಿ ಮಾಡ್ಲಾಕ ಬರೋದಿಲ್ಲ, ಫೆನ್ಸ್ ಒಂದೇ ಬೋಲ್ಟಿನ ಮ್ಯಾಲ ಇರ್ತದ. ಗರಗಸ ನಡೆದಾಗ ಬಾಜೂಕ ರಂದಾ ಕಟರೂ ತಿರುಗ್ತಿರ್ತದ. ಅದನ್ನೇ ತಗೋಬೇಕು ಅಂದ್ರ ವೆಲ್ಡಿಂಗ್ ಅಂಗಡ್ಯಾಗ ನೈಫ್ ಮಾಡಿಸ್ರಿ, ಆದ್ರ ಟೇಬಲ್ಲಿಗಿ ಅಲ್ಲ, ಬೇರಿಂಗ್ ಕೂಡಿರೋ ಫ್ರೇಮಿಗಿ ಬೋಲ್ಟ್ ಮಾಡಿಸ್ರಿ. ಈ ಮಷೀನಿನಾಗ ಏರಿಳಿಯೋದು ಟೇಬಲ್. ಟೇಬಲ್ಲಿಗಿ ಹಚ್ಚಿದ್ರ ನೈಫ್ ಬ್ಲೇಡಿನಿಂದ ದೂರ ಹೋಗ್ತದ. ಪುಲಿ ಅಳತಿ ಲೆಕ್ಕ ಹಾಕಿ ಶಾಫ್ಟ್ ಎಷ್ಟು ಸುತ್ತು ತಿರುಗ್ತದ ಅಂತ ತಿಳ್ಕೊಳ್ರಿ. ಬ್ಲೇಡಿನ ಮ್ಯಾಲ ಬರೆದ ಗರಿಷ್ಠ ಸುತ್ತಿಗಿಂತ ಅದು ಕಡಿಮಿ ಇರಬೇಕು.

ಜಂತಿ ವಿಷಯ. ಹಳೆ ಜಂತಿ ಯಾವುದೂ ನೆಟ್ಟಗ ಇರೋದಿಲ್ಲ, ತಿರುಚಿರ್ತದ. ಟೇಬಲ್ ಮ್ಯಾಲ ಅಲ್ಲಾಡೋ ಕಟ್ಟಿಗಿ ಗರಗಸಕ್ಕ ಕೊಟ್ರ ಕಿಕ್‌ಬ್ಯಾಕ್ ಖಾತ್ರಿ. ಮೊದಲ ಮೊಳಿ ಹುಡುಕ್ರಿ. ಜೋರಾದ ಮ್ಯಾಗ್ನೆಟ್ ದಾರಕ್ಕ ಕಟ್ಟಿ ಮೈಮ್ಯಾಲ ಎಳೀರಿ, ಎಲ್ಲಿ ಹಿಡೀತದ ಅಲ್ಲಿ ಸೀಸದಕಡ್ಡಿಲೆ ಗುರುತು ಹಾಕಿ ಕಿತ್ತು ತೆಗೀರಿ. ಮುರಿದ ಮೊಳಿ ಒಳಗ ಕರೀ ಕಲೆ ಬಿಟ್ಟಿರ್ತದ. ಆಮ್ಯಾಲ ಟಿಂಬರ್ ಡಿಪೋದಾಗ ಬ್ಯಾಂಡ್ ಸಾ ಮ್ಯಾಲ ಒಂದೂಕಾಲು, ಒಂದೂವರೆ ಇಂಚಿನ ಹಲಗಿ ಸೀಳಿಸಿ, ಒಂದು ಮೈ ಒಂದು ಅಂಚು ರಂದಾ ಹೊಡಿಸ್ಕೊಂಡು ಬರ್ರಿ. ಸೀಳಿದ ಹಲಗಿ ನಡುವ ಪಟ್ಟಿ ಇಟ್ಟು ನೆರಳಾಗ ಎರಡು ವಾರ ಬಿಡ್ರಿ. ಒಳಗಿನ ಬಿಗಿ ಬಿಟ್ಟು ಹಲಗಿ ಬಾಗೋದಿದ್ರ ಆಗಲೇ ಬಾಗಲಿ.

ಪಡಸಾಲಿ ಬಡಗಿ, ಕಲಬುರಗಿ

ಬಹಳ ಉಪಕಾರ ಆಯ್ತ್ರಿ ಇಬ್ಬರದೂ. ಪೋರ್ಟಬಲ್ ಅಂತ ಗಟ್ಟಿ ಮಾಡ್ಕೊಂಡೀನಿ. ಇನ್ನ ಎರಡು ಪ್ರಶ್ನಿ. ಮನಿ ಬೋರ್ಡಿನಿಂದ ಹಿತ್ತಲ ಕೋಣಿಗಿ 20 ಮೀಟರ್ ವೈರ್ ಎಳೀಬೇಕು, ಎಂಥದ್ದು? ಮತ್ತ ಅಮೆರಿಕದಾಗಿರೋ ಅಳಿಯಂದಿರು ಬೆರಳು ತಾಗಿದ್ರ ತಾನೇ ನಿಲ್ಲೋ ಸಾಸ್ಟಾಪ್ ಕಳಿಸ್ತೀನಿ ಅಂತಾರ. ಅದು ಇಲ್ಲಿ ನಡೀತದೇನು?

ವೈರಿಂಗ್ ಮಾಸ್ತರ್, ಕಲಬುರಗಿ

ಸರ್ರ, 1800 ವ್ಯಾಟ್ 230 ವೋಲ್ಟಿಗಿ 8 ಆಂಪ್ ಹತ್ರ ಎಳೀತದ. ಚಾಲೂ ಆಗುವಾಗ ಒಂದು ಕ್ಷಣ ಅದರ ಐದು ಪಟ್ಟು ಆಗಬಹುದು. 1 ಚದರ ಮಿ.ಮೀ. ತಾಮ್ರದ ವೈರ್ 20 ಮೀಟರ್, ಹೋಗಿ ಬಂದು 40 ಮೀಟರ್, ಸುಮಾರು 0.7 ಓಮ್ ಅಡ್ಡಿ ಕೊಡ್ತದ. ಚಾಲೂ ಆಗುವಾಗ 40 ಆಂಪ್ ಹರಿದ್ರ 28 ವೋಲ್ಟ್ ವೈರಿನಾಗೇ ಹೋಯ್ತು. 2.5 ಚದರ ಮಿ.ಮೀ. ಆದ್ರ 12 ವೋಲ್ಟ್. ಕೆಲಸ ನಡೆಯೋದು 2.5ರಾಗ, ಮುಂದ ಧೂಳೆಳೆಯೋ ವ್ಯಾಕ್ಯೂಮ್ ಕೂಡೇ ನಡಿಸೋರಿದ್ರ 4 ಹಾಕಿಬಿಡ್ರಿ. ಬ್ಯಾರೆ ಸರ್ಕ್ಯೂಟ್, 16 ಆಂಪ್ ಪ್ಲಗ್, ಸಿ ನಮೂನಿ ಎಂಸಿಬಿ, 30 ಮಿಲಿ ಆಂಪ್ ಆರ್‌ಸಿಸಿಬಿ (ಕರೆಂಟ್ ಸೋರಿದ್ರ ಲೈನ್ ಕಡಿಯೋ ಸ್ವಿಚ್), ಖರೇ ಅರ್ಥಿಂಗ್. ಬಿ ನಮೂನಿ ಎಂಸಿಬಿ ಹಾಕಿದ್ರ ಸ್ವಿಚ್ ಒತ್ತಿದ ಕೂಡ್ಲೆ ಬೀಳಬಹುದು. ಜೆಸ್ಕಾಂ ಬಿಲ್ಲಿನಾಗ ಮಂಜೂರಾದ ಲೋಡ್ ಎಷ್ಟದ ನೋಡ್ಕೊಳ್ರಿ. ಒಂದು ಕಿಲೋವ್ಯಾಟ್ ಇದ್ರ ಏರಿಸ್ಬೇಕಾಗ್ತದ.

ವೋಲ್ಟೇಜ್ ಪ್ಲಗ್ಗಿನಾಗೇ ಮೀಟರ್ ಹಿಡಿದು ನೋಡ್ರಿ, ಮಷೀನ್ ನಡೆದಾಗ. 200ಕ್ಕಿಂತ ಇಳಿದ್ರ ಕೆಲಸ ನಿಲ್ಲಿಸ್ರಿ. ಇಂಡಕ್ಷನ್ ಮೋಟಾರ್ ಇರೋರಿಗಿ ಇದು ಇನ್ನೂ ಮುಖ್ಯ: ಅದರ ಬಲ ವೋಲ್ಟೇಜಿನ ವರ್ಗದ ಲೆಕ್ಕದಾಗ ಇಳೀತದ, 190 ವೋಲ್ಟಿಗಿ ಉಳಿಯೋದು 68 ಪರ್ಸೆಂಟ್.

ಸ್ವಿಚ್ಚಿಗಿ ನೋ-ವೋಲ್ಟ್ ರಿಲೀಸ್ ಇರಬೇಕು. ಲೈಟ್ ಹೋಗಿ ಬಂದ್ರ ಮಷೀನ್ ತಾನಾಗೇ ಚಾಲೂ ಆಗಬಾರದು. ಅಂಗಡ್ಯಾಗ ನಡಿಸಿ, ಪ್ಲಗ್ಗಿನ ಸ್ವಿಚ್ ಆಫ್ ಮಾಡಿ, ಬ್ಲೇಡ್ ಪೂರಾ ನಿಂತ ಮ್ಯಾಲ ಮತ್ತ ಆನ್ ಮಾಡಿಸ್ರಿ. ತಿರುಗಿದ್ರ ಬ್ಯಾಡ. 2 ಎಚ್‌ಪಿ ಕಬ್ಬಿಣದ ಮಷೀನಿಗಿ ಓವರ್‌ಲೋಡ್ ಇರೋ ಡಿಒಎಲ್ ಸ್ಟಾರ್ಟರ್ (ಮೋಟಾರ್ ಚಾಲೂ ಮಾಡೋ ಸ್ವಿಚ್ ಡಬ್ಬಿ) ಹಾಕಿದ್ರ ಇದೇ ರಕ್ಷಣಿ ಸಿಗ್ತದ.

ಅಮೆರಿಕದ ಮಷೀನ್ 120 ವೋಲ್ಟ್, 60 ಹರ್ಟ್ಸ್. ಬ್ರಷ್ ಮೋಟಾರ್ ಆದ್ರ ಹರ್ಟ್ಸ್ ಚಿಂತಿ ಇಲ್ಲ, ಆದ್ರ 3 ಕೆವಿಎ ಸ್ಟೆಪ್‌ಡೌನ್ ಬೇಕು. ಇಂಡಕ್ಷನ್ ಮೋಟಾರ್ ಆದ್ರ 50 ಹರ್ಟ್ಸಿಗಿ ವೇಗ ಆರರಾಗ ಒಂದು ಪಾಲು ಇಳೀತದ, ಮ್ಯಾಲಿಂದ ಕಾಯ್ತದ. ಸಾಸ್ಟಾಪಿನ ಬ್ರೇಕ್ 5 ಮಿಲಿಸೆಕೆಂಡಿನ ಒಳಗ ಬ್ಲೇಡ್ ನಿಲ್ಲಿಸೋದು ಖರೆ, ಅಂಥ ರಕ್ಷಣಿ ಬಹಳ ಕಡಿಮಿ ಮಷೀನಿನಾಗ ಅದ. ಒಂದು ಸಲ ಬ್ರೇಕ್ ಬಡಿದ್ರ ಕಾರ್ಟ್ರಿಜ್ (ಬ್ರೇಕ್ ಇರೋ ಡಬ್ಬಿ) ಹೋಗ್ತದ, ಬ್ಲೇಡೂ ಹೋಗ್ತದ. ಹಸಿ ಕಟ್ಟಿಗಿ ಕೊಯ್ದಾಗಲೂ ಬಡೀಬಹುದು. ಮುಂದಿನ ಕಾರ್ಟ್ರಿಜ್ ಅಲ್ಲಿಂದಲೇ ತರಿಸಬೇಕಾಗಬಹುದು. ಅಳಿಯಂದಿರು ನಾಲ್ಕು ಕಾರ್ಟ್ರಿಜ್ ಕೂಡೇ ಕಳಿಸ್ತಾರಂದ್ರ ಯೋಚನಿ ಮಾಡ್ರಿ, ಇಲ್ಲಾಂದ್ರ ಬ್ಯಾಡ.

ಗುನಿಯಾ, ಬೀದರ

ಮಷೀನ್ ಬಂದ ದಿನ ಕೊಯ್ಯಲಾಕ ಹೋಗಬ್ಯಾಡ್ರಿ, ಅವತ್ತು ಅಳೆಯೋ ಕೆಲಸ. ಪ್ಲಗ್ ಕಿತ್ತು ಇಡ್ರಿ. ಬ್ಲೇಡ್ ಪೂರಾ ಏರಿಸಿ, ಮುಂದಿನ ಒಂದು ಹಲ್ಲಿಗಿ ಮಾರ್ಕರ್ ಹಚ್ಚಿ, ಮೈಟರ್ ಗಾಡಿಯಿಂದ ಆ ಹಲ್ಲಿಗಿ ಅಳೀರಿ. ಅದೇ ಹಲ್ಲನ್ನ ಹಿಂದಕ್ಕ ತಿರುಗಿಸಿ ಮತ್ತ ಅಳೀರಿ. ಬ್ಯಾರೆ ಬ್ಯಾರೆ ಹಲ್ಲಿಗಿ ಅಳೆದ್ರ ಬ್ಲೇಡಿನ ಡೊಂಕೂ ಲೆಕ್ಕದಾಗ ಸೇರ್ತದ. ಫರಕು 0.1 ಮಿ.ಮೀ. ಒಳಗ ಇರಬೇಕು. ಆಮ್ಯಾಲ ಫೆನ್ಸ್: ಗಾಡಿಗಿ ಸಮ, ಇಲ್ಲಾ ಹಿಂದಿನ ತುದಿ 0.1 ಮಿ.ಮೀ. ದೂರ. ಹಿಂದ ಹತ್ರ ಆಗಿದ್ರ ಕಟ್ಟಿಗಿ ಸುಟ್ಟ ಕಲೆ ಬೀಳ್ತದ, ಕಿಕ್‌ಬ್ಯಾಕೂ ಅಲ್ಲೇ ಅದ.

ಕೂಡೇ ಬರೋ ಬ್ಲೇಡ್ ಸಾಧಾರಣ 24 ಹಲ್ಲಿಂದು, ಸಾಗವಾನಿ ಉದ್ದಕ್ಕ ಸೀಳಲಾಕ ಇಟ್ಕೊಳ್ರಿ. ಪ್ಲೈಗಿ 60 ಹಲ್ಲಿಂದು ಒಂದು ತಗೊಳ್ರಿ. ಪ್ಯಾಟಿ ಮ್ಯಾಲ ತೂತಿನ ಅಳತಿ ನೋಡ್ರಿ: 25.4 ಮತ್ತ 30 ಮಿ.ಮೀ. ಎರಡೂ ಬರ್ತಾವ. ಬ್ಲೇಡ್ ಕಟ್ಟಿಗಿ ಮ್ಯಾಲ 4-5 ಮಿ.ಮೀ. ಮಾತ್ರ ಕಾಣಬೇಕು.

ನಿಲ್ಲೋದು ಬ್ಲೇಡಿನ ಗೆರಿ ಬಿಟ್ಟು ಬಾಜೂಕ. ಫೆನ್ಸಿಗೂ ಬ್ಲೇಡಿಗೂ 6 ಇಂಚಿಗಿಂತ ಕಡಿಮಿ ಇದ್ರ ಕೈ ಅಲ್ಲ, ತಳ್ಳುಗೋಲು. ಫ್ರೇಮಿನ ಸಣ್ಣ ತುಂಡು ಅಡ್ಡ ಕೊಯ್ಯುವಾಗ ಫೆನ್ಸ್ ಮತ್ತ ಮೈಟರ್ ಎರಡೂ ಕೂಡೇ ಬಳಸಬ್ಯಾಡ್ರಿ, ತುಂಡು ನಡುವ ಸಿಕ್ಕು ಹಾರ್ತದ. ಕೈಗವಸು ಬ್ಯಾಡ, ಹೆಗಲ ಮ್ಯಾಲಿನ ಟವೆಲ್ ಬ್ಯಾಡ. ಕಿವಿಗಿ ಮಫ್, ಮೂಗಿಗಿ ಎನ್95. ಕಟ್ಟಿಗಿ ಧೂಳನ್ನ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1995ರಾಗೇ ಕ್ಯಾನ್ಸರ್ ತರೋ ವಸ್ತುಗಳ ಮೊದಲ ಗುಂಪಿಗಿ ಹಾಕ್ಯದ. ಬರೇ ದಸ್ತಿ ಕಟ್ಕೊಂಡ್ರ ಸಾಲೋದಿಲ್ಲ.

ಶಹಾಪುರ ಕಟ್ಟಿಗಿ, ಯಾದಗಿರಿ

ಫರಸಿ ಮಾತು ಯಾರೂ ಎತ್ತಲಿಲ್ಲ. ಶಹಾಬಾದಿ ಕಲ್ಲು ಸಂದಿಗೊಂದು ಮಟ್ಟ ಇರ್ತದ, ಸ್ಟ್ಯಾಂಡಿನ ನಾಲ್ಕು ಕಾಲು ಒಂದೇ ಕಲ್ಲಿನ ಮ್ಯಾಲ ಬರೋದಿಲ್ಲ. ಕಾಲಿನ ತಿರುಪು ತಿರುಗಿಸಿ ಅಲ್ಲಾಡೋದು ನಿಲ್ಲಿಸ್ರಿ, ಆಮ್ಯಾಲ ಜಾಗ ಬಣ್ಣದಿಂದ ಗುರುತು ಮಾಡಿಡ್ರಿ, ಪ್ರತಿ ಸಲ ಅಲ್ಲೇ ಇಡಲಾಕ. ಪಾಲಿಶ್ ಆದ ಫರಸಿ ಮ್ಯಾಲ ಹೊಟ್ಟು ಬಿದ್ರ ಕಾಲು ಜಾರ್ತದ, ನಿಲ್ಲೋ ಕಡಿ ರಬ್ಬರ್ ಮ್ಯಾಟ್ ಹಾಕ್ರಿ. ಮಷೀನನ್ನ ಬಾಗಲದ ಸಾಲಿಗಿ ಇಟ್ರ ಉದ್ದನ ಹಲಗಿ ಅಂಗಳಕ್ಕ ಹೊಂಟು ಹೋಗ್ತದ. ಬ್ಯಾಸಗಿಗಿ ಆ ಕೋಣಿಗಿ ನೀರಿನ ಕೂಲರ್ ಹಚ್ಚಬ್ಯಾಡ್ರಿ: ಒಣಗಿದ ಕಟ್ಟಿಗಿ ತೇವ ಹಿಡಿದು ಉಬ್ತದ, ಉಕ್ಕಿನ ಭಾಗಕ್ಕ ತುಕ್ಕು ಬರ್ತದ. ಬರೇ ಫ್ಯಾನ್ ಸಾಕು.